ದಳವಾಯಿಗಿರಿಯೂ ಬೀಗತನವೂ: ಕಳಲೆಯ ನಂಜರಾಜಯ್ಯ ಮತ್ತು ಅವನ ಮನೆತನ

ಮೈಸೂರಿನ ಚರಿತ್ರೆ ಬರೆದವರಲ್ಲಿ ಬಹುಪಾಲು ಜನ ಕಳಲೆಯ ದಳವಾಯಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಅರಸನನ್ನು ಗೊಂಬೆಯಂತೆ ಕೂರಿಸಿ ತಾವು ರಾಜ್ಯವಾಳಿದರು, ಬೊಕ್ಕಸ ಬರಿದು ಮಾಡಿದರು, ಕೊನೆಗೆ ಎಲ್ಲವನ್ನೂ ಹೈದರಾಲಿಯ ಕೈಗಿತ್ತು ಮೂಲೆ ಸೇರಿದರು ಎಂಬುದು ಆ ಕಥೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 1759ರಲ್ಲಿ ಕರಾಚೂರಿ ನಂಜರಾಜಯ್ಯ ಅಧಿಕಾರದಿಂದ ಇಳಿದ ಮೇಲೂ ಆ ಮನೆತನ ಮುಗಿಯಲಿಲ್ಲ. ಹೈದರ, ಟಿಪ್ಪು ಇಬ್ಬರ ಕಾಲವನ್ನೂ ದಾಟಿ ಬಂದು, 1895ರಲ್ಲಿ ಅದೇ ಮನೆಯ ಹೆಣ್ಣುಮಗಳೊಬ್ಬರು ಮೈಸೂರು ರಾಜ್ಯದ ರೀಜೆಂಟ್ ಆದರು. ದಳವಾಯಿಗಿರಿಯೊಂದೇ ಈ ಮನೆತನದ ಬಲವಾಗಿದ್ದರೆ ಇದು ಆಗುವ ಮಾತಲ್ಲ. ಕಳಲೆಯವರನ್ನು ಅಧಿಕಾರಿಗಳೆಂದು ನೋಡುವ ಬದಲು ಅರಮನೆಯ ಬೀಗರೆಂದು ನೋಡಿದರೆ ಅವರ ಏಳುಬೀಳು ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ ಎಂಬುದು ಈ ಲೇಖನದ ವಾದ.

ಎರಡು ಹೊಳೆಗಳ ನಡುವಿನ ಸೀಮೆ

ಕಳಲೆ ಇರುವುದು ನಂಜನಗೂಡು ತಾಲ್ಲೂಕಿನಲ್ಲಿ, ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಹಳೆಯ ಗ್ರಂಥಗಳಲ್ಲಿ ಇದನ್ನು ಕಳುಲೆ ಎಂದೂ ಬರೆದಿದ್ದಾರೆ. ಊರಿನ ದೊಡ್ಡ ದೇವಾಲಯ ಲಕ್ಷ್ಮೀಕಾಂತಸ್ವಾಮಿಯದು. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಹೊಳೆಗಳ ಬಯಲು ಮತ್ತು ಅದರ ದಕ್ಷಿಣಕ್ಕೆ ತೆರಕಣಾಂಬಿಯ ಮೇಲೆ ಹಾಯ್ದು ಕೊಂಗುನಾಡಿನ ಘಟ್ಟ ಇಳಿಯುವ ದಾರಿ, ಇವೆರಡೂ ಯಾರ ಕೈಯಲ್ಲಿವೆಯೋ ಅವರಿಗೆ ನೆಲದ ಹುಟ್ಟುವಳಿಯೂ ಸಿಗುತ್ತಿತ್ತು, ಸುಂಕವೂ ಸಿಗುತ್ತಿತ್ತು.

ಹಾಗಾಗಿಯೇ ಈ ಸೀಮೆಗೆ ಸೇನಾನಿಗಳು ಹೊಸಬರಲ್ಲ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲೇ ಅಗ್ರಹಾರ ಕಟ್ಟಿ, 1258ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ ಸೋಮನಾಥಪುರ ಇಂದಿನ ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಅದೇ ಅರಸನ ಮಹಾಪ್ರಧಾನ ಪೆರುಮಾಳೆ ದಂಡನಾಯಕ ತಲಕಾಡಿನ ಬಳಿಯ ಮೈಲಂಗೆಯಲ್ಲಿ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಕಲಿಸುವ ಉಪಾಧ್ಯಾಯರಿಗೆಂದು ದತ್ತಿ ಬಿಟ್ಟ ಸಂಗತಿ 1290ರ ಶಾಸನದಿಂದ ತಿಳಿಯುತ್ತದೆ. ಮುಂದಿನ ತಲೆಮಾರಿನ ಮಾಧವ ದಂಡನಾಯಕ ತೆರಕಣಾಂಬಿಯಲ್ಲಿ ಕುಳಿತು ಈ ದಕ್ಷಿಣದ ನಾಡುಗಳನ್ನು ಆಳಿದ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ ಅವನ ಕೆಲಸ. ಇವರೆಲ್ಲ ಕಟ್ಟಿಸಿದ್ದು ಉಳಿಯಿತು, ಮನೆತನ ಉಳಿಯಲಿಲ್ಲ. ದೊರೆ ಕೊಟ್ಟ ಪದವಿ ದೊರೆಯ ಜೊತೆಗೇ ಹೋಗುತ್ತದೆ. ಹೊಯ್ಸಳರು ಅಳಿದ ಮೇಲೆ ಅವರ ದಂಡನಾಯಕರ ಸಂತತಿಗೆ ಹೇಳಿಕೊಳ್ಳುವ ನೆಲೆ ಇರಲಿಲ್ಲ.

ಕಳಲೆಯವರ ಲೆಕ್ಕ ಬೇರೆ. ‘ಕಳಲೆ ಅರಸುಗಳ ವಂಶಾವಳಿ’ ಹೇಳುವಂತೆ ಮನೆತನದ ಮೂಲಪುರುಷರು ದ್ವಾರಕೆಯ ಕಡೆಯಿಂದ ಬಂದ ಯಾದವ ಸೋದರರು. ಕಳಲೆಯಲ್ಲಿ ನೆಲೆನಿಂತದ್ದು ಸುಮಾರು 1500ರಲ್ಲಿ, ಅಂದರೆ ವಿಜಯನಗರದವರು ಆಳುತ್ತಿದ್ದ ಕಾಲದಲ್ಲಿ. ಓದುವವರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಬೇಕು. ಮೈಸೂರು ಅರಸರ ಐತಿಹ್ಯವೂ ಹೀಗೇ ಇದೆ. 1399ರಲ್ಲಿ ದ್ವಾರಕೆಯಿಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಬಂದರು, ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ರಾಜಕುಮಾರಿಯ ಮಾನ ಉಳಿಸಿದರು, ಅವಳನ್ನು ಯದುರಾಯ ಮದುವೆಯಾದ. ಆ ಕಥೆಯಲ್ಲಿ ಬರುವ ಹದಿನಾಡು, ಅಂದರೆ ಹದಿನಾರು ಗ್ರಾಮ, ಇರುವುದೂ ನಂಜನಗೂಡು ತಾಲ್ಲೂಕಿನಲ್ಲೇ. ಎರಡು ಮನೆಗಳಿಗೂ ಒಂದೇ ಊರಿನ ಮೂಲ, ಒಂದೇ ಕುಲ, ಒಂದೇ ಬಗೆಯ ಅಣ್ಣತಮ್ಮಂದಿರು. ಈ ಕಥೆಗಳಲ್ಲಿ ದ್ವಾರಕೆಯ ಚರಿತ್ರೆ ಹುಡುಕುವುದು ವ್ಯರ್ಥ. ಹೆಣ್ಣು ಕೊಟ್ಟು ತರುವುದಕ್ಕೆ ಸರಿಸಮಾನರು ನಾವು ಎಂದು ಎರಡೂ ಮನೆಗಳು ಹೇಳಿಕೊಳ್ಳುತ್ತಿವೆ ಎಂದು ತಿಳಿದರೆ ಸಾಕು. ಮೈಸೂರಿನ ಸುತ್ತಲಿನ ಅರಸು ಮನೆತನಗಳೆಲ್ಲ, ಬೆಟ್ಟದಕೋಟೆಯವರು, ತಿ. ನರಸೀಪುರ ತಾಲ್ಲೂಕಿನ ಮೂಗೂರಿನವರು, ಹೀಗೆ ಕೊಟ್ಟು ತಂದ ಸಂಬಂಧದಲ್ಲೇ ಹೆಣೆದುಕೊಂಡವು. ಕಳಲೆ ಆ ನೇಯ್ಗೆಯಲ್ಲಿ ಎಲ್ಲರಿಗಿಂತ ಅರಮನೆಗೆ ಹತ್ತಿರವಾಯಿತು.

ಭಾಷೆ ಕೊಟ್ಟದ್ದು

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಪಡೆದರು. ಪಾಳೆಯಗಾರಿಕೆ ಅಂದಿಗೆ ರಾಜ್ಯವಾಯಿತು. ರಾಜ್ಯವೆಂದ ಮೇಲೆ ಸೇನೆಗೊಬ್ಬ ಯಜಮಾನ ಬೇಕು. ಪರಂಪರೆ ಹೇಳುವಂತೆ ರಾಜ ಒಡೆಯರು ಕಳಲೆಯವರೊಂದಿಗೆ ಭಾಷೆ ಮಾಡಿಕೊಂಡರು: ಪಟ್ಟ ಮೈಸೂರಿನವರದು, ದಳವಾಯಿಗಿರಿ ಕಳಲೆಯವರದು. ಅದರಂತೆ ಕಳಲೆಯ ಕರಿಕಾಳ ಮಲ್ಲರಾಜಯ್ಯ ದಳವಾಯಿಯಾದ. ಬಹಳ ಕಾಲ ಆ ಹುದ್ದೆಯಲ್ಲಿ ನಿಲ್ಲಲಿಲ್ಲ. ಅಲ್ಲಿಂದಾಚೆ ದಳವಾಯಿಗಿರಿ ಕಳಲೆಯ ಕೈಗೆ ಬರುವುದೂ ಹೋಗುವುದೂ ನಡೆದೇ ಇತ್ತು. 1638ರಲ್ಲಿ ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದನೆಂದು ಹೆಸರು ಕೆಡಿಸಿಕೊಂಡ ದಳವಾಯಿ ವಿಕ್ರಮರಾಯ ಕಳಲೆಯವನಲ್ಲ. ಮುಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಳಲೆಯ ಕುಮಾರಯ್ಯ ದೊಡ್ಡ ಹೆಸರಿನ ದಳವಾಯಿ. 1682ರಲ್ಲಿ ತಿರುಚಿರಾಪಳ್ಳಿಯ ಕೋಟೆಗೆ ಕೈಹಾಕಿ, ಅದು ದಕ್ಕದೆ ಹಿಂದಿರುಗಬೇಕಾಯಿತು. ಆ ಕೋಟೆಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವನ ಮನೆಯ ಇನ್ನೊಬ್ಬನನ್ನು ಅದು ಎಪ್ಪತ್ತು ವರ್ಷ ಕಳೆದ ಮೇಲೆ ಮುಳುಗಿಸಿತು.

ಇಂಥ ಮನೆತನದ ಹುದ್ದೆ ನಮ್ಮಲ್ಲೇ ಹುಟ್ಟಿದ್ದೇನಲ್ಲ. ಹನ್ನೆರಡು, ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ನಾರ್ಮನ್ ಮೂಲದ ಸರದಾರರ ನಡುವೆ ಅರಮನೆಯ ಮಾರ್ಷಲ್ ಪದವಿ ತಂದೆಯಿಂದ ಮಕ್ಕಳಿಗೆ ಇಳಿಯುತ್ತಿತ್ತು. ವಿಲಿಯಂ ಮಾರ್ಷಲ್ ಆ ಮನೆಯ ಕಿರಿಯ ಮಗ, ಕೈಯಲ್ಲಿ ಕತ್ತಿ ಬಿಟ್ಟರೆ ಆಸ್ತಿ ಇಲ್ಲದವನು. 1189ರಲ್ಲಿ ಇಸಬೆಲ್ ಡಿ ಕ್ಲೇರ್‌ಳನ್ನು ಮದುವೆಯಾದ ಮೇಲೆ ಪೆಂಬ್ರೋಕ್‌ನ ಸೀಮೆಗೆ ಒಡೆಯನಾದ. 1216ರಲ್ಲಿ ದೊರೆ ಜಾನ್ ಸತ್ತು, ಒಂಬತ್ತು ವರ್ಷದ ಮೂರನೆಯ ಹೆನ್ರಿಗೆ ಪಟ್ಟವಾದಾಗ ರಾಜ್ಯ ನೋಡಿಕೊಂಡವನು ಅವನೇ. ಅವನ ಐವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಅಧಿಕಾರಕ್ಕೆ ಬಂದರು, ಒಬ್ಬರಿಗೂ ಔರಸ ಪುತ್ರನಿಲ್ಲ. 1245ರ ಹೊತ್ತಿಗೆ ಗಂಡು ಸಂತತಿ ನಿಂತು, ಮಾರ್ಷಲ್ ಪದವಿ ಹಿರಿಯ ಮಗಳ ಮೂಲಕ ಬಿಗೋಡ್ ಮನೆತನಕ್ಕೆ ಹೋಯಿತು. ಹುದ್ದೆ ಗಂಡಸಿನದಾದರೂ ಅದನ್ನು ದಾಟಿಸಿದವರು ಹೆಂಗಸರು. ವಿಲಿಯಂನ ಮಗ ತಂದೆಯ ಚರಿತ್ರೆಯನ್ನು ಹತ್ತೊಂಬತ್ತು ಸಾವಿರಕ್ಕೂ ಮೀರಿದ ಸಾಲುಗಳ ಫ್ರೆಂಚ್ ಕಾವ್ಯವಾಗಿ ಬರೆಸಿದ. ಹೆಸರು ನಿಲ್ಲಿಸಲು ಕವಿ ಬೇಕೆಂಬುದು ಕಳಲೆಯವರಿಗೂ ಗೊತ್ತಿತ್ತು. ಅದಕ್ಕೆ ಮುಂದೆ ಬರುತ್ತೇನೆ.

ಮಕ್ಕಳಿಲ್ಲದ ಪಟ್ಟ

ತಲಕಾಡು, ಮಾಲಂಗಿಗಳ ಕಡೆ ಯಾರನ್ನು ಕೇಳಿದರೂ ಅಲಮೇಲಮ್ಮನ ಶಾಪದ ಕಥೆ ಹೇಳುತ್ತಾರೆ. ಶ್ರೀರಂಗಪಟ್ಟಣ ಕೈಬಿಟ್ಟ ತಿರುಮಲರಾಯನ ಮಡದಿ ಒಡವೆಗಳೊಂದಿಗೆ ಹೊಳೆಗೆ ಹಾರುವಾಗ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದು ಶಪಿಸಿದಳಂತೆ. ಶಾಪದ ನಿಜಸುಳ್ಳು ಇಲ್ಲಿ ಬೇಡ. ಔರಸ ಪುತ್ರನಿಲ್ಲದ ಅರಸೊತ್ತಿಗೆಯಲ್ಲಿ ಮುಂದಿನ ದೊರೆಯನ್ನು ಆರಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ನಿಜ. ವಿಧವೆ ರಾಣಿ ದತ್ತು ತೆಗೆದುಕೊಳ್ಳಬೇಕು, ಸುತ್ತಲಿನ ಅರಸು ಮನೆತನಗಳು ಹುಡುಗನನ್ನು ಕೊಡಬೇಕು, ಸೇನೆ ಕೈಯಲ್ಲಿರುವವನು ಒಪ್ಪಬೇಕು. ಈ ಮೂರು ಕಡೆಗೂ ಕಳಲೆಯವರಿಗೆ ಬಾಗಿಲು ತೆರೆದಿತ್ತು.

1704ರಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ಮಗ ಕಂಠೀರವ ಮಾತು ಬಾರದವನು, ಜನ ಅವನನ್ನು ಮೂಕರಸು ಎಂದೇ ಕರೆದರು. ಆಮೇಲೆ 1714ರಿಂದ 1732ರವರೆಗೆ ದೊಡ್ಡ ಕೃಷ್ಣರಾಜರು. ಅವರ ಕಾಲದಲ್ಲಿ, 1724ರಲ್ಲಿ, ಕಳಲೆಯ ದೇವರಾಜಯ್ಯ ದಳವಾಯಿಯಾದ. ಅವನ ದಾಯಾದಿ ಹಿರಿಯ ನಂಜರಾಜಯ್ಯ ಸರ್ವಾಧಿಕಾರಿ. ಒಂದು ಮನೆಯಲ್ಲಿ ಸೇನೆ ಮತ್ತು ಬೊಕ್ಕಸ ಎರಡೂ ಸೇರಿದ್ದು ಆಗಲೇ. ದೊಡ್ಡ ಕೃಷ್ಣರಾಜರು ಮಕ್ಕಳಿಲ್ಲದೆ ತೀರಿಹೋದಾಗ ರಾಣಿ ದೇವಾಜಮ್ಮಣ್ಣಿಯವರು ಏಳನೆಯ ಚಾಮರಾಜನನ್ನು ದತ್ತು ತೆಗೆದುಕೊಂಡರು. ಅವನು ದಳವಾಯಿಗಳ ಎದುರು ತಲೆಯೆತ್ತಿದ. 1734ರಲ್ಲಿ ಅವನನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದರು, ಅಲ್ಲೇ ಸತ್ತ. ಬದಲಿಗೆ ಐದಾರು ವರ್ಷದ ಹುಡುಗನನ್ನು ತಂದು ಇಮ್ಮಡಿ ಕೃಷ್ಣರಾಜನೆಂದು ಪಟ್ಟ ಕಟ್ಟಿದರು. ಮೈಸೂರಿನಲ್ಲಿ ದಳವಾಯಿಗಳ ಆಳ್ವಿಕೆ ಎನ್ನುವುದು ಸರಿಯಾಗಿ ಇಲ್ಲಿಂದ ಶುರು.

ಕೆಡುಕೇ ಮಾಡಿದರೆಂದಲ್ಲ. 1737ರಲ್ಲಿ ಆರ್ಕಾಟಿನ ದಂಡು ಏರಿ ಬಂದಾಗ ದೇವರಾಜಯ್ಯ ಕೈಲಾಂಚದ ಬಳಿ ಅದನ್ನು ಮುರಿದ. ನಂಜನಗೂಡಿನಲ್ಲಿ ಕಪಿಲೆಗೆ ಸೇತುವೆ ಕಟ್ಟಿಸಿದವನೂ ಅವನೇ, 1735ರ ಸುಮಾರಿಗೆ. ಸಾಲುಸಾಲು ಕಿರುಗಮಾನುಗಳ ಆ ಸೇತುವೆಯ ಮೇಲೆ ಮೊದಲು ಗಾಡಿ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು–ನಂಜನಗೂಡು ಮೀಟರ್ ಗೇಜ್ ರೈಲು ಬಂದಾಗ ಅದೂ ಅದರ ಮೇಲೇ ಓಡಿತು. ಬ್ರಾಡ್ ಗೇಜ್ ಬಂದ ಮೇಲೆ ರೈಲು ಪಕ್ಕಕ್ಕೆ ಸರಿಯಿತು, ಸೇತುವೆ ನಿಂತಿದೆ. ದಳವಾಯಿ ನಂಜುಂಡೇಶ್ವರನ ಭಕ್ತರಿಗಾಗಿ ಕಟ್ಟಿಸಿದ ಎಂದು ಹೇಳುವುದುಂಟು, ಇರಬಹುದು. ನನಗೆ ತೋರುವುದು ಇನ್ನೊಂದು. ಶ್ರೀರಂಗಪಟ್ಟಣದಿಂದ ಹೊರಟ ದಂಡು ಗಜ್ಜಲಹಟ್ಟಿ ಘಟ್ಟ ಇಳಿದು ಸತ್ಯಮಂಗಲ, ಕೊಯಮತ್ತೂರಿಗೆ ಹೋಗಬೇಕಾದರೆ ಕಪಿಲೆಯನ್ನು ದಾಟಲೇಬೇಕು. ಮಳೆಗಾಲದಲ್ಲಿ ಆ ಹೊಳೆ ವಾರಗಟ್ಟಲೆ ದಾರಿ ಕೊಡುವುದಿಲ್ಲ. ಘಟ್ಟದ ಕೆಳಗಿನ ಕಂದಾಯದ ಮೇಲೆ ಕಣ್ಣಿಟ್ಟ ಮನೆತನ ತನ್ನ ಊರ ಮಗ್ಗುಲಲ್ಲೇ ಸೇತುವೆ ಕಟ್ಟಿಸಿದ್ದರಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇದೆ.

ಕರಾಚೂರಿ ನಂಜರಾಜಯ್ಯ

1740ರಲ್ಲಿ ಹಿರಿಯ ನಂಜರಾಜಯ್ಯ ತೀರಿಕೊಂಡ. ಸರ್ವಾಧಿಕಾರ ದೇವರಾಜಯ್ಯನ ಸ್ವಂತ ತಮ್ಮ, ಅದೇ ಹೆಸರಿನ ಕಿರಿಯ ನಂಜರಾಜಯ್ಯನಿಗೆ ಬಂತು. ಕರಾಚೂರಿ ಎಂಬ ಬಿರುದಿನಿಂದ ಚರಿತ್ರೆಯಲ್ಲಿ ಉಳಿದವನು ಇವನು. ತಂದೆ ಕಳಲೆ ವೀರರಾಜ. ‘ಸಕಲವೈದ್ಯಸಂಹಿತಾಸಾರಾರ್ಣವ’ ಎಂಬ ವೈದ್ಯಗ್ರಂಥ ಬರೆದವನು. ಅಣ್ಣನಿಗೆ ವಯಸ್ಸಾಗುತ್ತ ಬಂದಂತೆ ದಂಡಯಾತ್ರೆಯ ಹೊಣೆಯೂ ತಮ್ಮನ ಹೆಗಲಿಗೇರಿತು. 1746ರ ಸುಮಾರಿಗೆ ನಂಜರಾಜಯ್ಯ ತನ್ನ ಮಗಳನ್ನು ಹದಿನೆಂಟರ ಇಮ್ಮಡಿ ಕೃಷ್ಣರಾಜನಿಗೆ ಮದುವೆ ಮಾಡಿಕೊಟ್ಟ. ಅಣ್ಣ ದಳವಾಯಿ, ತಾನು ಸರ್ವಾಧಿಕಾರಿ, ದೊರೆ ಅಳಿಯ. ಇನ್ನೇನು ಬೇಕು?

1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಒಬ್ಬ ಕುದುರೆ ಸವಾರನ ಎದೆಗಾರಿಕೆ ಅವನ ಕಣ್ಣಿಗೆ ಬಿತ್ತು. ಐವತ್ತು ಕುದುರೆ, ಇನ್ನೂರು ಕಾಲಾಳುಗಳ ಮೇಲೆ ಅವನನ್ನು ನೇಮಿಸಿದ. ಆ ಸವಾರನೇ ಹೈದರಾಲಿ.

ಆಮೇಲೆ ಬಂತು ತಿರುಚಿರಾಪಳ್ಳಿ. ಆರ್ಕಾಟಿನ ನವಾಬಗಿರಿಗೆ ಮೊಹಮ್ಮದ್ ಅಲಿ ಮತ್ತು ಚಂದಾಸಾಹೇಬರು ಹೊಡೆದಾಡುತ್ತಿದ್ದರು. ಒಬ್ಬನ ಹಿಂದೆ ಇಂಗ್ಲಿಷರು, ಇನ್ನೊಬ್ಬನ ಹಿಂದೆ ಫ್ರೆಂಚರು. ಕೋಟೆಯೊಳಗೆ ಸಿಕ್ಕಿಬಿದ್ದ ಮೊಹಮ್ಮದ್ ಅಲಿ, ತನ್ನನ್ನು ಕಾಪಾಡಿದರೆ ತಿರುಚಿರಾಪಳ್ಳಿಯನ್ನೇ ಕೊಡುವೆನೆಂದು ನಂಜರಾಜಯ್ಯನಿಗೆ ಮಾತು ಕೊಟ್ಟ. 1752ರ ಆರಂಭದಲ್ಲಿ ಮೈಸೂರಿನ ದೊಡ್ಡ ದಂಡು ಅಲ್ಲಿಗೆ ಹೋಯಿತು. ಆ ವರ್ಷದ ಜೂನ್‌ನಲ್ಲಿ ಚಂದಾಸಾಹೇಬನ ತಲೆ ಉರುಳಿತು, ಮೊಹಮ್ಮದ್ ಅಲಿ ಉಳಿದುಕೊಂಡ, ಮಾತು ಮಾತ್ರ ಉಳಿಯಲಿಲ್ಲ. ಕೋಟೆ ಕೊಡುವುದಿಲ್ಲ ಎಂದ. ನಂಜರಾಜಯ್ಯ ಪಕ್ಷ ಬದಲಿಸಿ ಫ್ರೆಂಚರ ಜೊತೆ ಸೇರಿ, ಆ ಕೋಟೆಯ ಮುಂದೆ ಮೂರು ವರ್ಷ ಕುಳಿತ. 1755ರಲ್ಲಿ ಬರಿಗೈಯಲ್ಲಿ ಎದ್ದು ಬಂದ. ಕುಮಾರಯ್ಯ ಸೋತ ಕೋಟೆಯೇ ಅದು. ಅವನಿಗಾದರೆ ಹಿಂದೆ ಚಿಕ್ಕದೇವರಾಜರಂಥ ದೊರೆ ಇದ್ದರು, ತುಂಬಿದ ಬೊಕ್ಕಸವಿತ್ತು. ನಂಜರಾಜಯ್ಯ ಖರ್ಚು ಮಾಡಿದ್ದೇ ಆ ಬೊಕ್ಕಸವನ್ನು.

ಪೆಟ್ಟು ಒಂದರ ಮೇಲೊಂದು ಬಿತ್ತು. ಅದೇ 1755ರಲ್ಲಿ ನಿಜಾಮ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ದೇವರಾಜಯ್ಯ 56 ಲಕ್ಷ ಕೊಡಲು ಒಪ್ಪಿದ. ಗುಡಿಗಳ ಬೆಳ್ಳಿಬಂಗಾರ, ಅರಮನೆಯ ಒಡವೆ ಎಲ್ಲ ಕಳಚಿ ಕೊಟ್ಟರೂ ಮೂರನೆಯ ಒಂದು ಪಾಲಷ್ಟೇ ಆಯಿತು, ಉಳಿದದ್ದಕ್ಕೆ ಸಾಹುಕಾರರನ್ನು ಒತ್ತೆಯಿಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯ ಬಂದು 32 ಲಕ್ಷದ ಕರಾರು ಬರೆಸಿಕೊಂಡ.

ಈ ನಡುವೆ, 1756ರಲ್ಲಿ, ಅಳಿಯನಾದ ದೊರೆಯೇ ಮಾವನಿಂದ ಬಿಡಿಸಿಕೊಳ್ಳಲು ಅರಮನೆಯ ಜನರನ್ನು ಕೂಡಿಸಿದ. ದೇವರಾಜಯ್ಯ ಸಮಾಧಾನದ ದಾರಿ ಹಿಡಿಯೋಣವೆಂದ. ತಮ್ಮ ಕೇಳಲಿಲ್ಲ, ಫಿರಂಗಿ ಹೂಡಿ ಅರಮನೆಯ ಬಾಗಿಲು ಒಡೆಸಿದ. ದೊರೆಯನ್ನು ಸಿಂಹಾಸನದ ಮೇಲೆ ಕೂರಿಸಿ, ಅವನ ಕಣ್ಣೆದುರಿಗೇ ಅವನ ಪಕ್ಷದವರ ಕಿವಿ ಮೂಗು ಕೊಯ್ಯಿಸಿದನೆಂದು ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಒಳಗೆ ರಾಣಿಯಾಗಿದ್ದವಳು ನಂಜರಾಜಯ್ಯನ ಮಗಳು ಎಂಬುದನ್ನು ಇಲ್ಲಿ ಮರೆಯಬಾರದು. ಅಣ್ಣನಿಗೆ ಇದು ಹೇಸಿಗೆಯಾಯಿತು. ಪರಿವಾರ ಕಟ್ಟಿಕೊಂಡು ಘಟ್ಟ ಇಳಿದು ಸತ್ಯಮಂಗಲಕ್ಕೆ ಹೊರಟುಹೋದ. ಬೀಗತನದ ಮೇಲೆ ನಿಂತ ಅಧಿಕಾರಕ್ಕೆ ಬೀಗತನವನ್ನೇ ಮುರಿದ ಮೇಲೆ ಬುಡವಿರುವುದಿಲ್ಲ. ತಿರುಚಿರಾಪಳ್ಳಿಯಲ್ಲಿ ಹಣ ಹೋಯಿತು, ಮಾನವನ್ನು ನಂಜರಾಜಯ್ಯ ಕಳೆದುಕೊಂಡದ್ದು ಈ ಬಾಗಿಲಲ್ಲಿ. ಅವನ ಪತನದ ತಾರೀಖು ಬರೆಯಬೇಕಾದರೆ ನಾನು 1759 ಎನ್ನುವುದಿಲ್ಲ, 1756 ಎನ್ನುತ್ತೇನೆ.

ಉಳಿದದ್ದು ಬೇಗ ಮುಗಿಯಿತು. 1758ರಲ್ಲಿ ಸಂಬಳ ಬಾಕಿಯಿದ್ದ ಸಿಪಾಯಿಗಳು ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕುಳಿತರು. ಒಳಕ್ಕೆ ನೀರು, ದಿನಸಿ ಹೋಗದಂತೆ ತಡೆದರು. ಲೆಕ್ಕ ಚುಕ್ತಾ ಮಾಡಿಸಿ ಅವರನ್ನು ಎಬ್ಬಿಸಿದವನು ಹೈದರ. ಅಣ್ಣತಮ್ಮಂದಿರನ್ನು ಒಂದು ಮಾಡಿಸಿದವನೂ ಅವನೇ. ದೇವರಾಜಯ್ಯ ಸತ್ಯಮಂಗಲದಿಂದ ಬಂದು ತಮ್ಮನನ್ನು ಕೂಡಿಕೊಂಡ, ಸ್ವಲ್ಪ ದಿನಕ್ಕೇ ತೀರಿಕೊಂಡ. ಮರುವರ್ಷ ಮತ್ತೆ ಧರಣಿ. ಈ ಸಲ ಅದರ ಹಿಂದೆ ಹೈದರನೂ ಅವನ ದಿವಾನ ಖಂಡೇರಾಯನೂ ದೊಡ್ಡ ಕೃಷ್ಣರಾಜರ ವಿಧವೆ ರಾಣಿಯೂ ಇದ್ದರು. ನಂಜರಾಜಯ್ಯನಿಗೆ ಅರ್ಥವಾಯಿತು. ಜಹಗೀರು ಗೊತ್ತುಮಾಡಿಕೊಂಡು ಅಧಿಕಾರ ಬಿಟ್ಟ. ಮೊದಲು ಮೈಸೂರಿನಲ್ಲಿದ್ದ, ಅಲ್ಲೂ ಬಿಡದೆ ಕೋಣನೂರಿಗೆ ಕಳಿಸಿದರು.

ಹೈದರನಿಗೂ ಸರದಿ ಬಂತು. 1760ರಲ್ಲಿ ಖಂಡೇರಾಯ ಮತ್ತು ರಾಣಿ ಸೇರಿ ಅವನನ್ನೇ ಓಡಿಸಿದರು. ಮತ್ತೆ ಸೇನೆ ಕೂಡಿಸಿ ಬಂದ ಹೈದರ ಬೇರೆಲ್ಲೂ ಅಲ್ಲ, ನಂಜನಗೂಡಿನ ಬಳಿಯಲ್ಲೇ ಖಂಡೇರಾಯನಿಗೆ ಸೋತ. ಕೈಲಿ ಉಳಿದ ಒಂದಿಷ್ಟು ಸವಾರರೊಂದಿಗೆ ರಾತ್ರೋರಾತ್ರಿ ಹಳೆಯ ಒಡೆಯನ ಬಾಗಿಲಿಗೆ ಹೋಗಿ ಕಾಲಿಗೆ ಬಿದ್ದ. ನಂಜರಾಜಯ್ಯ ಕರಗಿದ; ತನ್ನ ಹೆಸರನ್ನೂ ಬೆಂಬಲವನ್ನೂ ಕೊಟ್ಟ. ನಂಜರಾಜಯ್ಯನ ಮೊಹರು ಹಾಕಿದ ಸುಳ್ಳು ಕಾಗದಗಳನ್ನು ಖಂಡೇರಾಯನ ಕೈಗೆ ಸಿಗುವಂತೆ ಬಿಟ್ಟು, ತನ್ನ ಸರದಾರರೇ ಮೋಸ ಮಾಡುತ್ತಿದ್ದಾರೆಂದು ಅವನು ಹೆದರುವಂತೆ ಮಾಡಿ, ಹೈದರ ಗೆದ್ದ. ಕಳಲೆಯ ಹೆಸರಿಗೆ 1761ರಲ್ಲೂ ಅಷ್ಟು ಬೆಲೆಯಿತ್ತು! ಆ ಬೆಲೆ ಹೈದರನಿಗೂ ಗೊತ್ತಿದ್ದರಿಂದ ಮುಂದೆ ನಂಜರಾಜಯ್ಯನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಕಾವಲಿನಲ್ಲಿಟ್ಟ. 1773ರ ಸುಮಾರಿಗೆ ಅವನು ಸತ್ತ.

ಸರ್ವಾಧಿಕಾರಿಯ ಗದ್ಯ

ರಾಜಕೀಯದ ಇತಿಹಾಸಕಾರರು ಅಡಿಟಿಪ್ಪಣಿಗೆ ತಳ್ಳುವ ಸಂಗತಿಯೊಂದಿದೆ: ಈ ಮನುಷ್ಯ ಕನ್ನಡದ ದೊಡ್ಡ ಗದ್ಯಕಾರರಲ್ಲಿ ಒಬ್ಬ. ಹಾಲಾಸ್ಯ ಮಾಹಾತ್ಮ್ಯ, ಕಕುದ್ಗಿರಿ ಮಾಹಾತ್ಮ್ಯ, ಗರಳಪುರಿ ಮಹಿಮೆ, ಸೇತು ಮಹಿಮೆ, ಕಾಶಿ ಮಹಿಮೆ, ಶಿವಗೀತೆ, ಶಿವಭಕ್ತಿವಿಲಾಸ, ಲಿಂಗಪುರಾಣ ಹೀಗೆ ಅವನ ಹೆಸರಿನಲ್ಲಿರುವ ಕೃತಿಗಳ ಪಟ್ಟಿ ದೊಡ್ಡದು. ಸಂಸ್ಕೃತದಲ್ಲಿ ‘ಸಂಗೀತಗಂಗಾಧರ’ ಇದೆ. ಆರ್. ನರಸಿಂಹಾಚಾರ್ಯರ ಕವಿಚರಿತೆಯಲ್ಲಿ ತಂದೆ ವೀರರಾಜ, ಮಗ ನಂಜರಾಜ ಇಬ್ಬರಿಗೂ ಜಾಗ ಸಿಕ್ಕಿದೆ. ಆಸ್ಥಾನದ ಪಂಡಿತರ ಕೈ ಇವುಗಳಲ್ಲಿ ಎಷ್ಟು, ಯಜಮಾನನದು ಎಷ್ಟು ಎಂಬ ಅನುಮಾನ ಅಂಥ ಎಲ್ಲ ಗ್ರಂಥಗಳಿಗೂ ಉಂಟು. ಆದರೂ ಆಯ್ಕೆ ಅವನದು, ಆ ಆಯ್ಕೆಯೇ ಕುತೂಹಲಕರ. ಮನೆದೇವರ ಗುಡಿ ಲಕ್ಷ್ಮೀಕಾಂತನದು. ಇವನು ಬರೆಸಿದ್ದೆಲ್ಲ ಶಿವನದು. ಗರಳಪುರಿ ಎಂದರೆ ನಂಜನಗೂಡು, ಕಕುದ್ಗಿರಿ ಎಂದರೆ ಶಿವಗಂಗೆ. ಸೇತು ರಾಮೇಶ್ವರ, ಹಾಲಾಸ್ಯ ಮಧುರೆ. ಶಿವಭಕ್ತಿವಿಲಾಸದಲ್ಲಿರುವುದು ತಮಿಳುನಾಡಿನ ಶಿವಭಕ್ತರ ಕಥೆಗಳು. ಕಾಶಿ, ಶಿವಗಂಗೆಗಳನ್ನು ಬಿಟ್ಟರೆ ನಂಜನಗೂಡಿನ ಸೇತುವೆ ದಾಟಿ ದಕ್ಷಿಣಕ್ಕೆ ಹೋದ ದಂಡಿನ ದಾರಿಯೂ ಈ ಕ್ಷೇತ್ರಗಳ ದಾರಿಯೂ ಬಹಳ ಬೇರೆಯಲ್ಲ. ಕತ್ತಿಗೆ ದಕ್ಕದ ಸೀಮೆಯನ್ನು ಕನ್ನಡಕ್ಕೆ ತಂದುಕೊಂಡ ಎಂದು ಹೇಳಿದರೆ ಅದು ನನ್ನ ಊಹೆ. ಆದರೆ ತಿರುಚಿರಾಪಳ್ಳಿಯ ವರ್ಷಗಳನ್ನು ಬದಿಗಿಟ್ಟು ಈ ಪಟ್ಟಿಯನ್ನು ಓದುವುದು ನನಗೆ ಕಷ್ಟ.

ಅವನ ಆಶ್ರಯದಲ್ಲಿದ್ದ, ಅಭಿನವ ಕಾಳಿದಾಸನೆನಿಸಿಕೊಂಡ ನರಸಿಂಹಕವಿ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಕಾಕತೀಯ ಪ್ರತಾಪರುದ್ರನ ಮೇಲೆ ವಿದ್ಯಾನಾಥ ಬರೆದ ಗ್ರಂಥವೇ ಮಾದರಿ. ಲಕ್ಷಣ ಯಾವುದೇ ಇರಲಿ, ಉದಾಹರಣೆಯ ಪದ್ಯದಲ್ಲಿ ನಾಯಕ ನಂಜರಾಜ. ನಾಟಕದ ಲಕ್ಷಣ ಬಂದಲ್ಲಿ ‘ಚಂದ್ರಕಲಾಕಲ್ಯಾಣ’ವೆಂಬ ಇಡೀ ನಾಟಕವೇ ಬರುತ್ತದೆ, ಅಲ್ಲಿಯೂ ಮದುವಣಿಗ ಅವನೇ. ಗಮನಿಸಬೇಕಾದ್ದು ಮಾದರಿಯ ಆಯ್ಕೆ. ಪ್ರತಾಪರುದ್ರ ಪಟ್ಟವೇರಿದ ಚಕ್ರವರ್ತಿ. ಸಿಂಹಾಸನ ಏರದವನ ಯಶಸ್ಸಿಗೆ ಸಿಂಹಾಸನ ಏರಿದವನ ಅಳತೆಯ ಅಂಗಿ ಹೊಲಿಸಲಾಗಿದೆ. ಆದರೂ ನಂಜರಾಜಯ್ಯ ತಾನೇ ಪಟ್ಟ ಕಟ್ಟಿಕೊಳ್ಳಲಿಲ್ಲ, ಬೇಕೆಂದಿದ್ದರೆ 1756ರಲ್ಲಿ ತಡೆಯುವವರಿರಲಿಲ್ಲ. ದೊರೆಯನ್ನು ಅವಮಾನಿಸುವಾಗಲೂ ಸಿಂಹಾಸನದ ಮೇಲೇ ಕೂರಿಸಿದ. ಹೆಣ್ಣು ಕೊಟ್ಟ ಮನೆಗೆ ಅಳಿಯನ ಪಟ್ಟವೇ ತನ್ನ ಬಂಡವಾಳ, ಅದನ್ನು ಕಿತ್ತರೆ ಉಳಿಯುವುದು ಬರೀ ದಂಡು. ಹೈದರನಿಗೆ ಅಂಥ ನಂಟು ಇರಲಿಲ್ಲ, ಹಾಗಾಗಿ ಅವನಿಗೆ ಆ ಕಟ್ಟೂ ಇರಲಿಲ್ಲ. ಪಟ್ಟದ ಮೇಲೆ ಒಡೆಯರನ್ನು ಕೂರಿಸಿಯೇ ಆಳಿದರೂ ಅದು ಲೆಕ್ಕಾಚಾರಕ್ಕೆ, ಬೀಗತನಕ್ಕಲ್ಲ.

ಇಲ್ಲಿ ಆಕರಗಳ ಬಗ್ಗೆ ಒಂದು ಮಾತು. ನಾವು ದಳವಾಯಿಗಳ ಕಥೆಯೆಂದು ಹೇಳುವುದರಲ್ಲಿ ಬಹುಪಾಲು ವಿಲ್ಕ್ಸ್ 1810ರಿಂದ 1817ರವರೆಗೆ ಪ್ರಕಟಿಸಿದ ಸಂಪುಟಗಳಿಂದ ಬಂದದ್ದು. ಅವನು ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿಕೊಂಡದ್ದು 1799ರಲ್ಲಿ ಒಡೆಯರಿಗೆ ರಾಜ್ಯ ಮರಳಿದ ಹೊಸದರಲ್ಲಿ. ಅವನಿಗೆ ಮಾಹಿತಿ ಕೊಟ್ಟವರಿಗೆ ದಳವಾಯಿಯೂ ಬೇಡ, ಹೈದರನೂ ಬೇಡ. ಇಪ್ಪತ್ತನೆಯ ಶತಮಾನದಲ್ಲಿ ಸಿ. ಹಯವದನರಾಯರು ಕಳಲೆಯ ವಂಶಾವಳಿಯನ್ನೂ ಇಟ್ಟುಕೊಂಡು ಬರೆದಾಗ ಚಿತ್ರ ಸ್ವಲ್ಪ ಸಮವಾಯಿತು. ವಂಶಾವಳಿಗೆ ತನ್ನ ಮನೆಯ ಅಭಿಮಾನ, ವಿಲ್ಕ್ಸ್‌ನಿಗೆ ಅರಮನೆಯ ಅಭಿಮಾನ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಹೆಣ್ಣುಮಕ್ಕಳ ದಾರಿ

ದಳವಾಯಿಗಿರಿ ನಿಂತ ಮೇಲೆ ಅರಮನೆಯನ್ನು ಹಿಡಿದು ನಿಲ್ಲಿಸಿದವರು ಅರಸು ಮನೆಗಳಿಂದ ಬಂದ ಹೆಂಗಸರು. ಇಮ್ಮಡಿ ಕೃಷ್ಣರಾಜನ ಮತ್ತೊಬ್ಬ ರಾಣಿ, ಕತ್ತಿ ಗೋಪಾಲರಾಜ ಅರಸಿನವರ ಮಗಳು ಲಕ್ಷ್ಮಮ್ಮಣ್ಣಿಯವರು, ಹೈದರ ಮತ್ತು ಟಿಪ್ಪುವಿನ ಕಣ್ಗಾವಲಿನಲ್ಲಿದ್ದುಕೊಂಡೇ ಪ್ರಧಾನ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಮೂರು ದಶಕ ಮಾತುಕತೆ ನಡೆಸಿದರು. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದದ್ದನ್ನು ಕಂಡೇ 1810ರಲ್ಲಿ ತೀರಿಕೊಂಡರು. ಹಳೆಯ ಅರಸು ಮನೆಗಳ ನೆಂಟಸ್ತನದ ಬಲೆ ಆಮೇಲೆ ಮೊದಲಿನಂತೆಯೇ ನಡೆಯಿತು. ದಂಡಿನ ಹೊಣೆ ಈಗ ಕಂಪನಿಯದಾದ್ದರಿಂದ ಅರಸು ಮನೆಗಳಿಗೆ ಉಳಿದ ದಾರಿ ಇದೊಂದೇ.

ಕಳಲೆಯ ನರಸರಾಜ ಅರಸಿನವರ ಮಗಳು ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ. 1878ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರೊಂದಿಗೆ ಮದುವೆಯಾಯಿತು. ಅರಸರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಹಿರಿಯ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. ವಾಣೀವಿಲಾಸ ಸನ್ನಿಧಾನದವರೆಂದು ಜನ ಕರೆದ ಈ ತಾಯಿ 1895ರಿಂದ 1902ರವರೆಗೆ ರಾಜ್ಯಭಾರ ಮಾಡಿದರು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಶುರುವಾದದ್ದು ಅವರ ಕಾಲದಲ್ಲಿ, 1898ರಲ್ಲಿ. ಜಲಾಶಯಕ್ಕೆ ಅವರದೇ ಹೆಸರು. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ಬಾಲದೊರೆ, ಕಳಲೆಯವರ ಕೈಯಲ್ಲಿ ಆಡಳಿತ: 1734ರ ಸ್ಥಿತಿಯೇ ಮರಳಿ ಬಂದಿತ್ತು ಎಂದು ಲೆಕ್ಕ ಹಾಕುವವರಿಗೆ ಅನ್ನಿಸಬಹುದು. ವ್ಯತ್ಯಾಸವೆಂದರೆ ಈ ಸಲ ಆಡಳಿತ ನಡೆಸಿದವರು ಹುಡುಗನ ಹೆತ್ತ ತಾಯಿ, ಪಕ್ಕದಲ್ಲಿ ದಿವಾನ ಶೇಷಾದ್ರಿ ಅಯ್ಯರ್, ಮೇಲೆ ಬ್ರಿಟಿಷರು. ಅವಧಿ ಮುಗಿದ ದಿನ ಅಧಿಕಾರ ಮಗನ ಕೈ ಸೇರಿತು.

ಅವರ ತಮ್ಮ ಎಂ. ಕಾಂತರಾಜ ಅರಸಿನವರು ಮದುವೆಯಾದದ್ದು ಅಕ್ಕನ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರನ್ನು. ಈಗ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸ ಬಂಗಲೆ ಆ ರಾಜಕುಮಾರಿಯವರಿಗಾಗಿ ಕಟ್ಟಿಸಿದ್ದು. ಸರ್ ಎಂ. ವಿಶ್ವೇಶ್ವರಯ್ಯನವರು ಬಿಟ್ಟ ದಿವಾನಗಿರಿಗೆ ಕಾಂತರಾಜ ಅರಸಿನವರು ಬಂದು, 1919ರಿಂದ 1922ರವರೆಗೆ ಅಲ್ಲಿದ್ದರು. ನಾಲ್ವಡಿ ಕೃಷ್ಣರಾಜರಿಗೆ ಆ ದಿವಾನರು ತಾಯಿಯ ಕಡೆಯಿಂದ ಸೋದರಮಾವ, ಅಕ್ಕನ ಕಡೆಯಿಂದ ಭಾವ.